ಅರ್ಧ ಸ್ವರ ಏರಿಸಿದ ಟೇಪು

ಆ ಮುದುಕಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಕೈ ತೋರಿಸು" ಅಂದರು.

ವೆಲ್ಲಿಂಗ್ಟನ್‌ನಿಂದ ಪಾಮರ್ಸ್ಟನ್ ನಾರ್ತ್‌ಗೆ ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಒಂದು ಲೋಟ ನೀರು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಈ ತಪಾಸಣೆ. ತೋರಿಸಿದೆ. ಉಗುರು ನೋಡಿದರು, ಬೆರಳು ಮಗುಚಿ ನೋಡಿದರು. "ಉಂಗುರ ತೆಗಿ. ಆಮೇಲೆ ಮುಟ್ಟು" ಎಂದು ಒಂದು ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ಹಿಡಿದರು. ಡಬ್ಬಿಯೊಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಟೇಪಿನ ಸುರುಳಿ ಇತ್ತು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ಆಕೆ ನನ್ನನ್ನು 'ನೀನು' ಎಂದೇ ಮಾತಾಡಿಸಿದರು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ನನಗೆ ಮೈ ಉರಿಯಿತು. ಹದಿನಾರು ವರ್ಷದಿಂದ ಹಳೆಯ ಟೇಪುಗಳನ್ನು ಮುಟ್ಟುತ್ತಿರುವವಳಿಗೆ ಕೈ ತೊಳೆಯುವ ಪಾಠ!

ಆಕೆ ಹಾಡುಗಾರ್ತಿ. ಆಫ್ರಿಕಾದ ದಕ್ಷಿಣ ತುದಿಯ ದೇಶದವರು. ಅಲ್ಲಿ ಬಿಳಿಯರ ಸರ್ಕಾರ ಇದ್ದ ಕಾಲದಲ್ಲಿ ಗಣಿ ಕೆಲಸಗಾರರ ಕೇರಿಗಳಲ್ಲಿ, ಮೆರವಣಿಗೆಗಳಲ್ಲಿ, ಪೊಲೀಸರ ಗುಂಡಿಗೆ ಸತ್ತವರ ಅಂತ್ಯಸಂಸ್ಕಾರಗಳಲ್ಲಿ ಹಾಡುತ್ತಿದ್ದರು. ಹಾಡಿದ್ದಕ್ಕೇ ಜೈಲಿಗೂ ಹೋದರು. ಬಿಡುಗಡೆಯಾದ ಮೇಲೆ ಇಲ್ಲಿನ, ನ್ಯೂಜಿಲೆಂಡಿನ, ವಿದ್ಯಾರ್ಥಿಗಳು ಆಕೆಯನ್ನು ಕರೆಸಿಕೊಂಡು, ಇದೇ ಪಾಮರ್ಸ್ಟನ್ ನಾರ್ತ್‌ನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಒಂದು ಕಛೇರಿ ಮಾಡಿಸಿದರು. ಅಷ್ಟರಲ್ಲಿ ಅಲ್ಲಿನ ಸರ್ಕಾರ ಪಾಸ್‌ಪೋರ್ಟು ರದ್ದು ಮಾಡಿತು. ಆಕೆ ಇಲ್ಲೇ ಉಳಿದರು. ಸಮಾನ ಹಕ್ಕಿಗಾಗಿ ಈ ದೇಶದ ಬೀದಿಗಳಲ್ಲಿ ಭಾಷಣ ಮಾಡಿದರು, ಲಾಠಿ ತಿಂದರು, ಆದರೆ ಆ ಕಛೇರಿಯಾದ ಮೇಲೆ ಮತ್ತೆ ವೇದಿಕೆಯಲ್ಲಿ ಹಾಡಲಿಲ್ಲ. ಇದೆಲ್ಲ ನಡೆದು ನಲವತ್ತು ವರ್ಷವಾಗಿದೆ. ಡಬ್ಬಿಯಲ್ಲಿದ್ದದ್ದು ಆ ಒಂದೇ ಕಛೇರಿಯ ಟೇಪು.

ನಾನು ವೆಲ್ಲಿಂಗ್ಟನ್‌ನ ಒಂದು ಧ್ವನಿ ಸಂಗ್ರಹಾಲಯದಲ್ಲಿ ತಂತ್ರಜ್ಞೆ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಸದ್ದು ಗದ್ದಲ ತೆಗೆದು ಕೊಡುವುದು ನನ್ನ ಕೆಲಸ. ಆಕೆಯ ಬದುಕಿನ ಬಗ್ಗೆ ನಮ್ಮಲ್ಲಿ ಒಂದು ಪ್ರದರ್ಶನ ನಡೆಯುವುದಿತ್ತು. ಅದರ ನಡುಕೋಣೆಯಲ್ಲಿ ಈ ಟೇಪಿನ ಒಂದು ಹಾಡು ಕೇಳಿಸಬೇಕು ಎಂದು ಮುಖ್ಯಸ್ಥರು ತೀರ್ಮಾನಿಸಿದ್ದರು. ಆಕೆ ಮತ್ತೆ ಯಾಕೆ ಹಾಡಲಿಲ್ಲ ಎಂದು ನಾನು ಕೇಳಲಿಲ್ಲ. 'ಪೂರ್ಣಾವಧಿ ಹೋರಾಟಕ್ಕೆ ಇಳಿದರು' ಎಂದು ಕಡತದಲ್ಲಿ ಬರೆದಿತ್ತು. ಅದೇ ಸಾಕು ಅನ್ನಿಸಿತ್ತು.

ಆ ಕಾಲದ ಕೆಲವು ಟೇಪುಗಳ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಕೀಚಲು ದನಿ ಬರುತ್ತದೆ, ಕಂದು ಬಣ್ಣದ ಪುಡಿ ಉದುರುತ್ತದೆ. ಉದುರಿದ್ದು ಪುಡಿಯಲ್ಲ, ಹಾಡು. ಅದಕ್ಕೆ ಮೊದಲು ಟೇಪನ್ನು ಹದವಾದ ಬಿಸಿಯಲ್ಲಿ ಎಂಟು ಗಂಟೆ ಬೇಯಿಸಬೇಕು. ನಮ್ಮ ಯಂತ್ರ ನೋಡಲು ಹಣ್ಣು ಒಣಗಿಸುವ ಪೆಟ್ಟಿಗೆಯ ಹಾಗೇ ಇದೆ. ಬೇಯಿಸಿ, ಒಂದು ದಿನ ಆರಲು ಬಿಟ್ಟು, ಯಂತ್ರದಲ್ಲಿ ಟೇಪನ್ನು ಓದುವ ಲೋಹದ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸುರುಳಿ ಏರಿಸಿದೆ. ಬೇಯಿಸಿದ ಟೇಪು ಕೆಲವು ವಾರ ಮಾತ್ರ ಮಾತು ಕೇಳುತ್ತದೆ. ಹಾಗಾಗಿ ಒಂದೇ ಸಲಕ್ಕೆ ಚೆನ್ನಾಗಿ ಇಳಿಸಿಕೊಳ್ಳಬೇಕು ಎಂಬ ಆತುರ ಇದ್ದೇ ಇರುತ್ತದೆ.

ಹಾಡು ಶುರುವಾದ ಅರ್ಧ ನಿಮಿಷಕ್ಕೆ ನನ್ನ ಕಿವಿ ನೆಟ್ಟಗಾಯಿತು. ಶ್ರುತಿ ಕರಿ ಮೂರು. ಆಕೆ ಜೈಲಿಗೆ ಹೋಗುವ ಮುಂಚಿನ ಗ್ರಾಮಫೋನು ತಟ್ಟೆಗಳೆಲ್ಲ ನಮ್ಮಲ್ಲಿದ್ದವು. ಇದೇ ಹಾಡು, ಮೂರು ತಟ್ಟೆಗಳಲ್ಲಿ, ಮೂರರಲ್ಲೂ ಬಿಳಿ ಐದು. ಹಾರ್ಮೋನಿಯಮ್ಮಿನ ಕರಿ ಬಿಳಿ ಮನೆಗಳ ಲೆಕ್ಕದಲ್ಲಿ ಹೇಳಿದರೆ ಟೇಪು ಅರ್ಧ ಸ್ವರ ಕೆಳಗಿತ್ತು.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಸಂಗೀತ ಹೇಳಿಕೊಡುವ ತಾಯಿಯ ಹೊಟ್ಟೆಯಲ್ಲಿ. ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ತಂಬೂರಿ ಕೇಳಿದವಳು. ನಮ್ಮ ಮನೆಯಲ್ಲಿ ಹಾಡುವವರನ್ನು ಗುರುತಿಸುವುದೇ ಹಾಗೆ: ಅವರು ಕರಿ ಎರಡು, ಇವರು ಬಿಳಿ ನಾಲ್ಕು. ಷಡ್ಜ ಎಂದರೆ ಹಾಡುವವರ ವಿಳಾಸ. ಇವತ್ತೊಂದು ನಾಳೆಯೊಂದು ಆಗುವಂಥದ್ದಲ್ಲ. ಹಾಡಿನ ಜೊತೆಗಿದ್ದ ಗಿಟಾರಿನ ಬರಿ ತಂತಿಗಳನ್ನೂ ಅಳೆದು ನೋಡಿದೆ. ಆರೂ ತಂತಿ ವಾಡಿಕೆಯ ಶ್ರುತಿಗಿಂತ ಅಷ್ಟೇ ಕೆಳಗಿದ್ದವು. ಇನ್ನೇನು ಬೇಕು? ಅವತ್ತು ಧ್ವನಿಮುದ್ರಣ ಮಾಡಿದ ಯಂತ್ರ ವೇಗವಾಗಿ ಓಡಿದೆ, ನಮ್ಮ ಯಂತ್ರದಲ್ಲಿ ಟೇಪು ನಿಧಾನವಾಗಿ ಕೇಳಿಸುತ್ತಿದೆ. ವೇಗದ ಗುಂಡಿ ತಿರುಗಿಸಿದೆ. ಬಿಳಿ ಐದಕ್ಕೆ ಬಂದು ಕೂತಾಗ ಆ ಹಾಡು ಎಷ್ಟು ಚೆಂದ ಕೇಳಿಸಿತೆಂದರೆ, ಸಿಟ್ಟು ಮರೆತು ಕಣ್ಣಲ್ಲಿ ನೀರು ಬಂತು.

ನಿಯಮ ಹೇಳುವುದೇ ಬೇರೆ. ಮೊದಲು ಟೇಪನ್ನು ಇದ್ದ ಹಾಗೇ ಇಳಿಸಬೇಕು, ತಿದ್ದುವುದೇನಿದ್ದರೂ ಆಮೇಲೆ ಅದರ ನಕಲಿನಲ್ಲಿ. ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು. ಆದರೆ ನನ್ನ ಕಿವಿಯ ಮೇಲೆ ನನಗಿದ್ದ ಜಂಬ ಸಣ್ಣದಲ್ಲ. ಗುಂಡಿ ತಿರುಗಿಸಿಯೇ ಮೂಲ ಪ್ರತಿ ಇಳಿಸಿದೆ. ಆಮೇಲೆ ಅದರ ನಕಲಿನಲ್ಲಿ ಗುಂಯ್ ಎನ್ನುವ ಕರೆಂಟಿನ ಸದ್ದು ತೆಗೆಯುವ ಉಪಕರಣ ಓಡಿಸಿದೆ. ಅದು ತಾನೇ ಹುಡುಕಿ, 'ಐವತ್ತಮೂರು ಹರ್ಟ್ಸ್, ತೆಗೆಯಲೇ?' ಎಂದು ಕೇಳಿತು. ತೆಗಿ ಎಂದೆ. ಹಾಡಿಗೆ ಮುಂಚೆ ನಲವತ್ತು ಸೆಕೆಂಡು ಪರದೆಯ ಮೇಲೆ ಬರೀ ಸಣ್ಣ ಸಣ್ಣ ಗೆರೆಗಳಿದ್ದವು. ಕೇಳದೆಯೇ, ಕಣ್ಣಲ್ಲಿ ನೋಡಿ, ಕತ್ತರಿಸಿ ಹಾಕಿದೆ.

ಪ್ರದರ್ಶನಕ್ಕೆ ಮೂರು ವಾರ ಇರುವಾಗ ಆಕೆ ರೈಲಿನಲ್ಲಿ ವೆಲ್ಲಿಂಗ್ಟನ್‌ಗೆ ಬಂದರು. ಹೊರಗೆ ಆ ಊರಿನ ಗಾಳಿ ಬೀಸುತ್ತಿತ್ತು. ಒಳಗೆ ಬಂದವರು ಕೋಟು ಬಿಚ್ಚಲಿಲ್ಲ. ಮುಖ್ಯಸ್ಥರು ಕಾಫಿ ತರಿಸಿದರು, ಆಕೆ ಮುಟ್ಟಲಿಲ್ಲ. ಹೆಡ್‌ಫೋನು ಕೊಟ್ಟೆ. ಹಾಡಿನ ಮೊದಲ ಸಾಲು ಮುಗಿಯುವುದರೊಳಗೆ ಕಿತ್ತು ಮೇಜಿನ ಮೇಲೆ ಎಸೆದರು.

"ಯಾರಿವಳು?"

"ನೀವೇ" ಅಂದರು ಮುಖ್ಯಸ್ಥರು, ಮಕ್ಕಳಿಗೆ ಹೇಳುವ ದನಿಯಲ್ಲಿ.

"ನಾನಲ್ಲ. ಇದು ಜೈಲಿಗೆ ಹೋಗೋ ಮುಂಚಿನ ಹುಡುಗಿ. ಅವಳು ಈ ದೇಶಕ್ಕೆ ಬರಲೇ ಇಲ್ಲ."

ಟೇಪು ನಿಧಾನವಾಗಿತ್ತು, ಸರಿಪಡಿಸಿದ್ದೇನೆ, ನಿಮ್ಮ ಹಳೆಯ ತಟ್ಟೆಗಳ ಶ್ರುತಿಗೆ ತಂದಿದ್ದೇನೆ ಎಂದು ನಾನು ವಿವರಿಸಿದೆ. ಆಕೆ ನನ್ನ ಕಡೆ ತಿರುಗಿದರು.

"ನನ್ನ ಗಂಟಲು ನನಗಿಂತ ಚೆನ್ನಾಗಿ ನಿನಗೆ ಗೊತ್ತೋ? ಪೊಲೀಸ್ ಸ್ಟೇಷನ್ನಿನಲ್ಲಿ ಒಬ್ಬ ನನ್ನ ಗಂಟಲ ಮೇಲೆ ಬೂಟುಗಾಲು ಇಟ್ಟು ನಿಂತ. ಗಂಟಲಿಗೆ ಏನೂ ಆಗಿಲ್ಲ ಅಂತ ಅವರ ಡಾಕ್ಟರು ಬರೆದುಕೊಟ್ಟ. ಆ ಕಾಗದ ಇವತ್ತಿಗೂ ಇದೆ. ಅದು ಸುಳ್ಳು ಅಂತ ಹೇಳೋದಕ್ಕೆ ಇರೋದು ಈ ಟೇಪು ಒಂದೇ. ನೀನು ಅದರ ಬಾಯಲ್ಲಿ ಆ ಡಾಕ್ಟರ ಮಾತು ಹೇಳಿಸಿದ್ದೀಯ."

ಇಷ್ಟು ಕೇಳಿದ ಮೇಲೆ ಮನುಷ್ಯಳಾದವಳು ಸುಮ್ಮನಾಗಬೇಕಿತ್ತು. ನಾನು ಸುಮ್ಮನಾಗಲಿಲ್ಲ. "ಗಿಟಾರೂ ಅಷ್ಟೇ ಕೆಳಗಿದೆ. ಗಿಟಾರಿಗೆ ಗಂಟಲಿಲ್ಲ" ಅಂದೆ.

ಆಕೆ ಕೂಗಾಡಲಿಲ್ಲ. "ಗಿಟಾರಿನವನು ನನಗೋಸ್ಕರ ತಂತಿ ಇಳಿಸಿದ. ವೇದಿಕೆ ಮೇಲೆ, ಎಲ್ಲರ ಎದುರಿಗೆ. ನನಗೆ ನಾಚಿಕೆಯಾಗಿತ್ತು. ಅದೂ ಟೇಪಿನಲ್ಲಿದೆ."

"ಇಲ್ಲ. ಅಂಥದ್ದೇನೂ ಇಲ್ಲ."

ನಾನು ಸುಳ್ಳು ಹೇಳುತ್ತಿರಲಿಲ್ಲ. ಕೇಳದೆ ಕತ್ತರಿಸಿದ್ದು ನೆನಪಿಗೇ ಬರಲಿಲ್ಲ. ಆಕೆ ಎದ್ದು ಹೊರಟರು. ಬಾಗಿಲಲ್ಲಿ ತಿರುಗಿ, ಆ ಹಾಡು ಕೇಳಿಸುವ ಜಾಗದಲ್ಲಿ 'ಇದು ನನ್ನ ದನಿಯಲ್ಲ' ಎಂದು ಒಂದು ಫಲಕ ಹಾಕಿ ಎಂದರು. ಮುಖ್ಯಸ್ಥರು ನೋಡೋಣ ಎಂದರು. ಆಕೆ ಹೋದ ಮೇಲೆ, "ವಯಸ್ಸಾಗಿದೆ. ನೆನಪು ಕಲಸಿಹೋಗಿದೆ. ನೀವು ಒಂದು ಪುಟದ ತಾಂತ್ರಿಕ ಟಿಪ್ಪಣಿ ಬರೆದುಕೊಡಿ" ಅಂದರು. ಬರೆದುಕೊಟ್ಟೆ. ತಟ್ಟೆಗಳ ಶ್ರುತಿ, ತಂತಿಗಳ ಶ್ರುತಿ, ಕೊನೆಗೆ 'ಟೇಪು ನಿಧಾನವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ'. ಕೆಳಗೆ ನನ್ನ ಸಹಿ. ಟೇಪು ಕೊಡುವಾಗ ಆಕೆ ಸಹಿ ಹಾಕಿದ್ದ ಒಪ್ಪಂದದಲ್ಲಿ, ತಾಂತ್ರಿಕ ವಿಷಯದಲ್ಲಿ ಸಂಸ್ಥೆಯ ತೀರ್ಮಾನವೇ ಅಂತಿಮ ಎಂಬ ಸಾಲಿತ್ತು. ನನ್ನ ಟಿಪ್ಪಣಿಯನ್ನೂ ಆ ಸಾಲನ್ನೂ ಸೇರಿಸಿ ಮುಖ್ಯಸ್ಥರು ಆಕೆಗೆ ಪತ್ರ ಕಳಿಸಿದರು. ಅಷ್ಟಕ್ಕೇ ನಿಲ್ಲದೆ ಫಲಕವೊಂದನ್ನೂ ಅಚ್ಚು ಹಾಕಿಸಿದರು: 'ಸೆರೆಮನೆಯ ನಂತರವೂ ಅವರ ಕಂಠ ಮೊದಲಿನಂತೆಯೇ ಇತ್ತು.'

ಓದಿದಾಗ ನನಗೆ ಒಂದು ಚೂರು ಕಸಿವಿಸಿಯಾಯಿತು. ಒಂದೇ ಚೂರು. ಗೆದ್ದ ಖುಷಿ ಅದಕ್ಕಿಂತ ದೊಡ್ಡದಿತ್ತು.

ನಮ್ಮ ಸಂಸ್ಥೆಯಲ್ಲಿ ಫೈಲುಗಳನ್ನು ಶಾಶ್ವತ ಭಂಡಾರಕ್ಕೆ ಸೇರಿಸುವವರು ಒಬ್ಬ ಮೈಸೂರಿನವರು. ಊರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವರು, ಇಲ್ಲಿ ಕಂಪ್ಯೂಟರಿಗೆ ಬಂದವರು. ಯಾವ ಫೈಲಿಗೆ ಏನೇನು ಮಾಡಿದೆವು ಎಂದು ಉಪಕರಣ ತಾನೇ ಬರೆದಿಡುವ ದಾಖಲೆಯನ್ನು ಸಾಲು ಬಿಡದೆ ಓದುವುದು ಅವರ ಚಾಳಿ. ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮ ಬುತ್ತಿ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಮೇಡಂ, ಒಂದು ಡೌಟು. ನಿಮ್ಮ ಧಾರವಾಡದ ಕಡೆ ಕರೆಂಟು ಎಷ್ಟು ಹರ್ಟ್ಸು?"

"ಐವತ್ತರೀ. ಯಾಕ?"

"ಇಲ್ಲಿ ನ್ಯೂಜಿಲೆಂಡಲ್ಲಿ?"

"ಐವತ್ತ. ಏನ್ ಪರೀಕ್ಷಾ ತಗೊಳ್ಳಾಕತ್ತೀರೇನ್ರಿ ನನ್ನ?"

"ಅಯ್ಯೋ, ನಾನ್ಯಾವನು ಪರೀಕ್ಷೆ ತಗೊಳ್ಳೋಕೆ? ನಿಮ್ಮ ಲಾಗಲ್ಲಿ ಐವತ್ತಮೂರು ಅಂತ ಇದೆಯಲ್ಲ, ಅದಕ್ಕೇ ಕೇಳ್ದೆ. ಮೂರು ಎಕ್ಸ್‌ಟ್ರಾ ಕೊಡೋಷ್ಟು ಧಾರಾಳಿಗಳು ನಮ್ಮೂರ ಕರೆಂಟ್ ಆಫೀಸಲ್ಲೂ ನೋಡಿಲ್ಲ ನಾನು."

ಚಮಚ ಕೈಯಲ್ಲೇ ಉಳಿಯಿತು. ಸಭಾಂಗಣದ ಗೋಡೆಯ ಕರೆಂಟು ಐವತ್ತು. ಆ ಸದ್ದು ಹಾಡಿನ ಜೊತೆಗೇ ಟೇಪಿಗೆ ಇಳಿದಿರುತ್ತದೆ. ಟೇಪು ನಿಜವಾಗಿಯೂ ನಿಧಾನವಾಗಿದ್ದರೆ, ನಾನು ವೇಗ ಸರಿಪಡಿಸಿದಾಗ ಆ ಸದ್ದೂ ಐವತ್ತಕ್ಕೆ ಬಂದು ನಿಲ್ಲಬೇಕಿತ್ತು. ಐವತ್ತಮೂರಕ್ಕೆ ಹೋಗಿದೆ. ಐವತ್ತರಿಂದ ಐವತ್ತಮೂರಕ್ಕೆ ಸರಿಯಾಗಿ ಅರ್ಧ ಸ್ವರ. ಅಂದರೆ ಟೇಪು ಮೊದಲೇ ಸರಿಯಾಗಿತ್ತು. ಗುಂಡಿ ತಿರುಗಿಸಿ ಕೆಡಿಸಿದವಳು ನಾನು. ಉಪಕರಣ ಆ ಅಂಕಿಯನ್ನು ನನ್ನ ಮೂಗಿನ ಎದುರಿಗೇ ಹಿಡಿದು ಕೇಳಿತ್ತು. ಅದನ್ನೇ ಗದ್ದಲ ಎಂದು ಅಳಿಸಿದ್ದೆ.

"ಭಂಡಾರಕ್ಕ ಹಾಕೀರೇನ್ರಿ ಅದನ್ನ?"

"ಇಲ್ಲ ಮೇಡಂ. ಡೌಟಿರೋ ಫೈಲು ನಾನು ಒಳಗೆ ಬಿಡಲ್ಲ. ನಿಮ್ಮ ಡಿಸ್ಕಲ್ಲೇ ಇದೆ."

ಊಟ ಬಿಟ್ಟು ಎದ್ದೆ. ಕತ್ತರಿಸಿ ಹಾಕಿದ್ದ ನಲವತ್ತು ಸೆಕೆಂಡು ಮೂಲ ಪ್ರತಿಯಲ್ಲಿ ಹಾಗೇ ಇತ್ತು. ಸದ್ದು ಏರಿಸಿ ಕೇಳಿದೆ. ಮೊದಲು ಕುರ್ಚಿ ಎಳೆದ ಸದ್ದು. ಒಂದು ಕೆಮ್ಮು. ಗಿಟಾರಿನ ಬಿರಡೆ ಕಿರ್ರೆಂದಿತು, ತಂತಿಯ ದನಿ ಜಾರಿತು. ಒಬ್ಬ ಹೆಂಗಸು, ಒಡೆದ ದನಿಯಲ್ಲಿ, "ಇನ್ನೂ ಕೆಳಗೆ" ಅಂದಳು. ಮತ್ತೆ ಬಿರಡೆ. "ಇನ್ನೂ ಸ್ವಲ್ಪ." ಸಭೆಯಲ್ಲಿ ಯಾರೋ ನಕ್ಕರು. ಆಕೆ ಕ್ಷಮಿಸಿ ಅಂದಳು. ಆಮೇಲೆ ಹಾಡು.

ಅಂಥದ್ದೇನೂ ಇಲ್ಲ ಎಂದು ಆಕೆಯ ಮುಖಕ್ಕೇ ಹೇಳಿದ್ದೆನಲ್ಲ! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಕಿವಿಯ ಜಂಬ ಅವತ್ತಿಗೆ ಇಳಿಯಿತು.

ಮೂಲ ಪ್ರತಿಯೇ ಕೆಟ್ಟಿದ್ದರಿಂದ ಟೇಪನ್ನು ಮತ್ತೆ ಬೇಯಿಸಬೇಕಾಯಿತು. ವಾರಗಳು ಕಳೆದು ಅದು ಮತ್ತೆ ಜಿಗುಟಾಗಿತ್ತು. ಎರಡನೆಯ ಸಲ ಬೇಯಿಸುವುದು ಅಪಾಯ, ಬೇಯಿಸದೆ ಓಡಿಸುವುದು ಇನ್ನೂ ಅಪಾಯ. ಎಂಟು ಗಂಟೆ ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ಮರುದಿನ ಓಡಿಸುವಾಗ ಎರಡು ಸಲ ಕೀಚಲು ಸದ್ದು ಬಂತು, ಎರಡು ಸಲವೂ ನಿಲ್ಲಿಸಿ ಯಂತ್ರದ ತಲೆ ಒರೆಸಿದೆ. ಬಟ್ಟೆಗೆ ಕಂದು ಬಣ್ಣ ಹತ್ತಿತು. ವೇಗದ ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿ ಮುಚ್ಚಿಬಿಟ್ಟಿದ್ದೆ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಕರೆಂಟಿನ ಸದ್ದು ಐವತ್ತರಲ್ಲಿ ಕದಲದೆ ನಿಂತಿತು. ಹಾಡು ಕರಿ ಮೂರರಲ್ಲಿ. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ದನಿ ಒಡೆಯುತ್ತಿತ್ತು. ಏರಿಸಿದ ಪ್ರತಿಯಲ್ಲಿ ಅದೇ ಒಡಕು ಚೆಂದದ ಗಮಕದ ಹಾಗೆ ಕೇಳಿಸಿತ್ತು. ಈಗ ನೋವಿನ ಹಾಗೆಯೇ ಕೇಳಿಸಿತು. ಮೂರನೆಯ ಚರಣದಲ್ಲಿ ದನಿ ಪೂರ್ತಿ ನಿಂತುಹೋಗಿ, ಗಿಟಾರಿನವನು ಒಂದು ಸುತ್ತು ಒಬ್ಬನೇ ನುಡಿಸಿದ. ಆಕೆ ಮತ್ತೆ ಎತ್ತಿಕೊಂಡರು.

ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಗಡಿಯಾರ ನೋಡಿದರು.

"ಸರಿ, ಫೈಲು ಬದಲಾಯಿಸಿ. ಸದ್ದಿಲ್ಲದೆ. ಟಿಪ್ಪಣಿ ವಾಪಸ್ ತೆಗೆದುಕೊಳ್ಳೋದು ಬೇಡ, ಫಲಕ ಅಚ್ಚಾಗಿದೆ. ಅರ್ಧ ಸ್ವರ ಯಾರು ಅಳೀತಾರೆ?"

"ಅವರು ಅಳೀತಾರೆ."

"ಅವರು ಬರೋದೇ ಇಲ್ಲ ಅಂತ ಪತ್ರ ಬರೆದಿದ್ದಾರೆ. ಸಂಸ್ಥೆ ತಪ್ಪು ಮಾಡಿದೆ ಅಂತ ನೀವು ಬರೆದರೆ ಅದು ನಿಮ್ಮ ಹೆಸರಿಗೂ ಒಳ್ಳೆಯದಲ್ಲ."

ಹೇಳಿದ್ದು ನಿಜ. ನನ್ನ ಕೆಲಸವೇ ನನ್ನ ಹೆಸರಿನ ಮೇಲೆ ನಿಂತಿರುವಂಥದ್ದು; ಮೂಲ ಪ್ರತಿಯನ್ನೇ ಕೆಡಿಸಿದವಳಿಗೆ ನಾಳೆ ಯಾರು ಟೇಪು ಕೊಡುತ್ತಾರೆ? ಮೇಜಿಗೆ ವಾಪಸ್ ಬಂದು ನನ್ನ ಟಿಪ್ಪಣಿಯನ್ನು ತೆರೆದು ಮತ್ತೆ ಓದಿದೆ. ಆ ಡಾಕ್ಟರು ಬರೆದುಕೊಟ್ಟ ಕಾಗದ, ನಾನು ಬರೆದುಕೊಟ್ಟ ಕಾಗದ. ಎರಡರಲ್ಲೂ ಇರುವುದು ಒಂದೇ ಮಾತು, ಕೆಳಗೆ ಬಲ್ಲವರ ಸಹಿ. ಅವನು ಗೊತ್ತಿದ್ದೂ ಬರೆದ, ನಾನು ಕೇಳದೆ ಬರೆದೆ. ಆಕೆಗೆ ಎರಡರಿಂದ ಆದದ್ದು ಒಂದೇ.

ಬರೆದೆ. 'ನನ್ನ ಟಿಪ್ಪಣಿ ತಪ್ಪು. ಟೇಪು ಸರಿಯಾದ ವೇಗದಲ್ಲೇ ಇತ್ತು. ಹಾಡಿದವರ ದನಿ ಮೊದಲಿಗಿಂತ ಅರ್ಧ ಸ್ವರ ಕೆಳಗಿತ್ತು, ಮೇಲಿನ ಸ್ವರಗಳಲ್ಲಿ ಒಡೆಯುತ್ತಿತ್ತು. ವಾದ್ಯವನ್ನು ವೇದಿಕೆಯಲ್ಲೇ ಇಳಿಸಿದ್ದು ಟೇಪಿನಲ್ಲಿ ಕೇಳಿಸುತ್ತದೆ. ಆ ಭಾಗವನ್ನು ಕೇಳದೆ ಕತ್ತರಿಸಿದ್ದು ನಾನು.' ಐವತ್ತು, ಐವತ್ತಮೂರರ ಚಿತ್ರಗಳನ್ನು ಲಗತ್ತಿಸಿದೆ. ಮೊದಲು ಆಕೆಯ ವಿಳಾಸ ಹಾಕಿ, ಆಮೇಲೆ ಮುಖ್ಯಸ್ಥರ, ಪ್ರದರ್ಶನದ ಎಲ್ಲರ ವಿಳಾಸ ಹಾಕಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಮುಖ್ಯಸ್ಥರು ನನ್ನ ಮೇಜಿನ ಮುಂದೆ ನಿಂತಿದ್ದರು. "ನೀವು ನನ್ನನ್ನು ಒಂದು ಮಾತು ಕೇಳಬೇಕಿತ್ತು."

"ಹೌದು. ಅವರನ್ನೂ ಕೇಳಬೇಕಿತ್ತು, ಮೊದಲೇ."

ಫಲಕ ಬದಲಾಯಿತು. ಹಾಡು ಆ ನಲವತ್ತು ಸೆಕೆಂಡಿನ ಸಮೇತ, ಕರೆಂಟಿನ ಸದ್ದಿನ ಸಮೇತ, ಇದ್ದ ಹಾಗೇ ನಡುಕೋಣೆಗೆ ಹೋಯಿತು. ಮುಖ್ಯಸ್ಥರು ಅಂದಿನಿಂದ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಫೋನು ನೋಡುತ್ತಾರೆ. ಮೂಲ ಪ್ರತಿ ಇಳಿಸುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಆಕೆಯಿಂದ ಒಂದೇ ಸಾಲಿನ ಉತ್ತರ ಬಂತು: 'ಟೇಪು ತಂದುಕೊಡು. ಎರಡೂ ಪ್ರತಿ ಕೇಳಿಸು.'

ಎರಡು ಗಂಟೆ ಕಾರು ಓಡಿಸಿದೆ. ಉಂಗುರವನ್ನು ಕಾರಿನಲ್ಲೇ ತೆಗೆದಿಟ್ಟು ಇಳಿದೆ. ಆಕೆ ಈ ಸಲ ಕೈ ನೋಡಲಿಲ್ಲ, ನೀರೂ ಕೊಡಲಿಲ್ಲ. ಬಿಸ್ಕತ್ತಿನ ಡಬ್ಬಿ ಇಸಿದುಕೊಂಡು, ಟವೆಲು ಬಿಚ್ಚಿ, ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುತ್ತಿದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ, ಆಕೆ ಕೈ ಎತ್ತಿ ತಡೆದರು.

"ಮೊದಲು ನಿಜವಾದದ್ದು."

ಹಾಕಿದೆ. ಕುರ್ಚಿ ಎಳೆದ ಸದ್ದು, ಕೆಮ್ಮು, ಬಿರಡೆ. 'ಇನ್ನೂ ಕೆಳಗೆ' ಕೇಳಿಸಿದಾಗ ಆಕೆ ತಲೆಯಾಡಿಸಿದರು, ಸಾಕ್ಷಿ ಸರಿಯಾಗಿ ಹೇಳುತ್ತಿದ್ದಾನೆ ಎಂಬಂತೆ. ಮೂರನೆಯ ಚರಣದಲ್ಲಿ ದನಿ ನಿಂತಾಗ ಕೈ ಗಂಟಲಿಗೆ ಹೋಯಿತು. ಹಾಡು ಮುಗಿಯಿತು. ಮುಖದಲ್ಲಿ ಏನೂ ಇಲ್ಲ.

"ಈಗ ನಿನ್ನದು."

ಬೇಡ ಎಂದೆ. ಹಾಕು ಎಂದರು. ಹಾಕಿದೆ. ಬಿಳಿ ಐದು, ತಿಳಿಯಾದ ದನಿ. ನಾನು ಕಣ್ಣು ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎತ್ತಿದರೆ, ಆಕೆಯ ತುಟಿ ಅಲ್ಲಾಡುತ್ತಿತ್ತು. ದನಿಯಿಲ್ಲದೆ ಜೊತೆಗೆ ಹಾಡುತ್ತಿದ್ದರು. ಒಂದು ಅಕ್ಷರ ಬಿಡದೆ, ಕೊನೆಯವರೆಗೂ.

"ಗಂಟಲು ಸರಿಯಿದ್ದಿದ್ದರೆ ಅವತ್ತು ಹೀಗೇ ಹಾಡುತ್ತಿದ್ದೆ" ಅಂದರು. "ಚೆನ್ನಾಗಿದೆ. ಅದಕ್ಕೇ ನಿನ್ನನ್ನು ಕ್ಷಮಿಸೋದಿಲ್ಲ. ಅಳಿಸು."

ತಪ್ಪಾದ ಪ್ರತಿಯನ್ನೂ ಕಾರಣ ಬರೆದು ಉಳಿಸಬೇಕು ಎಂಬುದು ನಮ್ಮ ನಿಯಮ. ಅದನ್ನೂ ಹೊಸಬರಿಗೆ ಹೇಳಿಕೊಡುವವಳು ನಾನೇ. ಜೊತೆಗೆ ತಂದಿದ್ದ ಡಿಸ್ಕಿನಲ್ಲಿದ್ದದ್ದನ್ನು ಅಳಿಸಿದೆ, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದೆ, ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಆಕೆ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿ, ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹುಡುಕಿದರು. ಎರಡು ಸಲ ಹುಡುಕಿದರು. ಸಿಗಲಿಲ್ಲ. ಆಮೇಲೆ ಎದ್ದು ಹೋಗಿ ಬಾಗಿಲು ತೆಗೆದು ಹಿಡಿದರು.